ಆರನೇ ಕ್ಲಾಸಿನ ಮಕ್ಕಳ ಬೆನ್ನು ಒಮ್ಮೆ ನೋಡಿ: ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಶಾಲಾ ಶಿಕ್ಷಣ ಇಲಾಖೆ ಮತ್ತು ಆರೋಗ್ಯ ಇಲಾಖೆಯ ಅಧಿಕಾರಿಗಳಿಗೆ,
ಜೊತೆಗೆ ಪಿ.ಇ. ಟೀಚರುಗಳಿಗೆ, ಹಾಸ್ಟೆಲ್ ವಾರ್ಡನ್‌ಗಳಿಗೆ, ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿರುವ ಅಪ್ಪ ಅಮ್ಮಂದಿರಿಗೆ.

ಮಾನ್ಯರೇ,

ನಾನು ದಾವಣಗೆರೆಯಲ್ಲಿ ಆರ್ಥೋಟಿಸ್ಟ್. ಕೃತಕ ಕಾಲು, ಕಾಲಿಗೆ ಆಧಾರವಾಗಿ ಕಟ್ಟುವ ಕ್ಯಾಲಿಪರ್, ಬೆನ್ನಿಗೆ ಕಟ್ಟುವ ಗಟ್ಟಿ ಪ್ಲಾಸ್ಟಿಕ್ ಬ್ರೇಸ್, ಇವನ್ನೆಲ್ಲ ಅಳತೆ ತೆಗೆದು ಮಾಡಿಕೊಡುವುದು ನನ್ನ ಕೆಲಸ. ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಚೀಟಿ ಬರೆದುಕೊಟ್ಟ ಮೇಲೆ ಜನ ನನ್ನ ಹತ್ತಿರ ಬರುತ್ತಾರೆ. ಹಾಗಾಗಿ ಯಾರು ಹೊತ್ತಿಗೆ ಸರಿಯಾಗಿ ಬಂದರು, ಯಾರು ಹೊತ್ತು ಮೀರಿ ಬಂದರು ಅನ್ನುವುದು ನನ್ನ ಟೇಬಲ್ ಮುಂದೆ ಚೆನ್ನಾಗಿ ಗೊತ್ತಾಗುತ್ತದೆ. ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಸೊಟ್ಟಗಾಗುವ ತೊಂದರೆ ಇರುವ ಮಕ್ಕಳಲ್ಲಿ ಜಾಸ್ತಿ ಜನ ಬರುವುದು ಹೊತ್ತು ಮೀರಿದ ಮೇಲೆಯೇ.

ಕೇಳುತ್ತಿರುವುದು ಸಣ್ಣ ಕೆಲಸ. ವರ್ಷಕ್ಕೊಮ್ಮೆ ಶಾಲೆಯಲ್ಲಿ ಮಕ್ಕಳ ಆರೋಗ್ಯ ತಪಾಸಣೆ ಇರುತ್ತದೆ ಅಲ್ವಾ? ಕಣ್ಣು ನೋಡುತ್ತಾರೆ, ಹಲ್ಲು ನೋಡುತ್ತಾರೆ, ತೂಕ, ಎತ್ತರ ಬರೆದುಕೊಳ್ಳುತ್ತಾರೆ. ಆಗ ಆರರಿಂದ ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಮುಂದಕ್ಕೆ ಬಗ್ಗಿಸಿ ಬೆನ್ನನ್ನೂ ಒಂದು ಸಲ ನೋಡಿ. ಒಂದು ಮಗುವಿಗೆ ಅರ್ಧ ನಿಮಿಷ ಸಾಕು.

ಯಾಕೆ ಅಂತ ಹೇಳುತ್ತೇನೆ.

ಪಕ್ಕದಿಂದ ನೋಡಿದರೆ ಎಲ್ಲರ ಬೆನ್ನುಮೂಳೆಯೂ ಸ್ವಲ್ಪ ಬಾಗಿಯೇ ಇರುತ್ತದೆ. ಅದು ಇರಬೇಕಾದದ್ದೇ. ಹಿಂದಿನಿಂದ ನೋಡಿದಾಗ ಮಾತ್ರ ನೆಟ್ಟಗಿರಬೇಕು. ಸ್ಕೋಲಿಯೋಸಿಸ್‌ನಲ್ಲಿ ಅದು ಎಸ್ ಅಕ್ಷರದ ಹಾಗೋ ಸಿ ಅಕ್ಷರದ ಹಾಗೋ ಪಕ್ಕಕ್ಕೆ ವಾಲುತ್ತದೆ. ವಾಲುವುದರ ಜೊತೆಗೆ ತಿರುಚಿಕೊಳ್ಳುತ್ತದೆ ಕೂಡ, ಒದ್ದೆ ಬಟ್ಟೆ ಹಿಂಡಿದ ಹಾಗೆ. ಮೂಳೆ ತಿರುಗಿದರೆ ಅದಕ್ಕೆ ಸೇರಿಕೊಂಡ ಪಕ್ಕೆಲುಬೂ ತಿರುಗುತ್ತದೆ. ಅದಕ್ಕೇ ಮಗು ಮುಂದೆ ಬಗ್ಗಿದಾಗ ಒಂದು ಕಡೆ ಬೆನ್ನು ಉಬ್ಬಿ ನಿಲ್ಲುತ್ತದೆ, ಇನ್ನೊಂದು ಕಡೆ ತಗ್ಗಿರುತ್ತದೆ. ನಿಂತಾಗ ಕಾಣದ್ದು ಬಗ್ಗಿದಾಗ ಕಾಣುತ್ತದೆ. ವಿಲಿಯಂ ಆಡಮ್ಸ್ ಅನ್ನುವ ಇಂಗ್ಲೆಂಡಿನ ಸರ್ಜನ್ 1865ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಇವತ್ತಿಗೂ ದುನಿಯಾದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಮೊದಲು ಮಾಡುವ ಪರೀಕ್ಷೆ ಅದೇ. ಮೆಷಿನ್ ಬೇಡ, ಕರೆಂಟ್ ಬೇಡ.

ಸೊಟ್ಟ ಎಷ್ಟಿದೆ ಅಂತ ಎಕ್ಸ್‌ರೇ ಮೇಲೆ ಗೆರೆ ಎಳೆದು ಅಳೆಯುತ್ತಾರೆ. ಅದಕ್ಕೆ ಕಾಬ್ ಆಂಗಲ್ ಅಂತ ಹೆಸರು. ಅಮೆರಿಕದ ಜಾನ್ ಕಾಬ್ ಅನ್ನುವ ಡಾಕ್ಟರ್ 1948ರಲ್ಲಿ ಹೇಳಿಕೊಟ್ಟ ಲೆಕ್ಕ. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್ ಅನ್ನುತ್ತಾರೆ. ಹದಿಹರೆಯದ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇಷ್ಟು ಇರುತ್ತದೆ. ಗಾಬರಿ ಬೇಡ. ಅವರಲ್ಲಿ ಬಹಳಷ್ಟು ಮಕ್ಕಳಿಗೆ ಅದು ಅಲ್ಲಿಗೇ ನಿಲ್ಲುತ್ತದೆ, ಏನೂ ಮಾಡಬೇಕಾಗಿಲ್ಲ. ಬ್ರೇಸೋ ಆಪರೇಷನ್ನೋ ಬೇಕಾಗುವುದು ಸಾವಿರಕ್ಕೆ ಕೆಲವರಿಗೆ ಮಾತ್ರ. ಸಣ್ಣ ಸೊಟ್ಟ ಹುಡುಗ ಹುಡುಗಿ ಇಬ್ಬರಲ್ಲೂ ಹೆಚ್ಚು ಕಡಿಮೆ ಸಮ. ಜಾಸ್ತಿ ಆಗುತ್ತಾ ಹೋಗುವ ಸೊಟ್ಟ ಮಾತ್ರ ಹುಡುಗಿಯರಲ್ಲಿ ಎಷ್ಟೋ ಪಾಲು ಹೆಚ್ಚು.

ಕಾರಣ? ಹದಿಹರೆಯದಲ್ಲಿ ಬರುವ ಬಹುಪಾಲು ಸ್ಕೋಲಿಯೋಸಿಸ್‌ಗೆ ಇಂಥದ್ದೇ ಕಾರಣ ಅಂತ ಬೆರಳು ತೋರಿಸಲು ಆಗುವುದಿಲ್ಲ. ಮನೆತನದಲ್ಲಿ ಯಾರಿಗಾದರೂ ಇದ್ದರೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಕೂರುವ ರೀತಿಯಿಂದ ಬರುವುದಿಲ್ಲ, ಮೊಬೈಲ್‌ನಿಂದ ಬರುವುದಿಲ್ಲ, ಬ್ಯಾಗಿನ ಭಾರದಿಂದಲೂ ಬರುವುದಿಲ್ಲ. ಬ್ಯಾಗಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. 2019ರಲ್ಲಿ ಯಾವ ಕ್ಲಾಸಿನ ಮಗುವಿನ ಬ್ಯಾಗ್ ಎಷ್ಟು ಕೆ.ಜಿ. ಇರಬೇಕು ಅಂತ ನೀವೇ ಸುತ್ತೋಲೆ ಹೊರಡಿಸಿದಿರಿ. ಬ್ಯಾಗ್ ಇಲ್ಲದ ಶನಿವಾರವೂ ಬಂತು. ಒಳ್ಳೆಯದೇ ಆಯಿತು, ಮಕ್ಕಳ ಹೆಗಲಿಗೆ ಸ್ವಲ್ಪ ಆರಾಮ. ಬ್ಯಾಗನ್ನು ತಕ್ಕಡಿಗೆ ಹಾಕಿದವರು ಅದರ ಹಿಂದಿರುವ ಬೆನ್ನನ್ನೂ ಒಮ್ಮೆ ನೋಡಿದ್ದರೆ ನಾನು ಈ ಪತ್ರ ಬರೆಯಬೇಕಾಗಿರಲಿಲ್ಲ.

ಈಗ ತಡ ಯಾಕಾಗುತ್ತದೆ ಅನ್ನುವ ವಿಷಯಕ್ಕೆ ಬರೋಣ. ಮೊದಲನೆಯದಾಗಿ ಇದು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿದ್ದರೆ ಮಗು ಅಳುತ್ತದೆ, ಮನೆಯವರು ಓಡುತ್ತಾರೆ. ಇಲ್ಲಿ ಮಗು ಓಡಾಡುತ್ತದೆ, ಖೋಖೋ ಆಡುತ್ತದೆ, ಎಲ್ಲ ಸರಿಯಾಗಿದೆ ಅನಿಸುತ್ತದೆ. ಎರಡನೆಯದು ಇನ್ನೂ ಮುಖ್ಯ. ಒಂಬತ್ತು ಹತ್ತು ವರ್ಷದ ತನಕ ಅಮ್ಮನೋ ಅಜ್ಜಿಯೋ ಎಣ್ಣೆ ಹಚ್ಚಿ ನೀರೆರೆಯುತ್ತಾರೆ. ಮಗುವಿನ ಬೆನ್ನು ಅವರ ಕೈಗೆ ಗೊತ್ತಿರುತ್ತದೆ. ಹನ್ನೊಂದು ಹನ್ನೆರಡಕ್ಕೆ ಮಗಳು ಬಚ್ಚಲ ಬಾಗಿಲು ಹಾಕಿಕೊಳ್ಳುತ್ತಾಳೆ. ಹಾಕಿಕೊಳ್ಳಬೇಕಾದದ್ದೇ. ಸೊಟ್ಟ ಜೋರಾಗಿ ಬೆಳೆಯುವುದೂ ಸರಿಯಾಗಿ ಅದೇ ವಯಸ್ಸಿನಲ್ಲಿ. ಹುಡುಗಿ ದೊಡ್ಡವಳಾಗುವ ಮುಂಚಿನ ಒಂದು ವರ್ಷ ಇದೆಯಲ್ಲ, ಎತ್ತರ ಸರಸರ ಏರುವ ವರ್ಷ, ಬೆನ್ನುಮೂಳೆ ಕೈತಪ್ಪುವುದು ಆಗ. ಮುಟ್ಟು ಶುರುವಾಗಿ ಎರಡು ವರ್ಷದ ಹೊತ್ತಿಗೆ ಬೆಳವಣಿಗೆ ಹೆಚ್ಚು ಕಡಿಮೆ ಮುಗಿದಿರುತ್ತದೆ. ಅಂದರೆ ಬ್ರೇಸ್ ಕೆಲಸ ಮಾಡುವ ಅವಧಿಯಲ್ಲಿ ಆ ಬೆನ್ನನ್ನು ನೋಡುವವರು ಮನೆಯಲ್ಲಿ ಯಾರೂ ಇರುವುದಿಲ್ಲ. ಚೂಡಿದಾರದ ಯೂನಿಫಾರ್ಮ್, ಮೇಲೆ ಪಿನ್ ಹಾಕಿದ ವೇಲ್, ಬೆನ್ನ ಮೇಲೆ ಜಡೆ, ಅದರ ಮೇಲೆ ಬ್ಯಾಗ್. ಯಾರಿಗೆ ಕಾಣಬೇಕು?

ಹಾಗಾದರೆ ಯಾರು ಕಂಡುಹಿಡಿಯುತ್ತಾರೆ ಗೊತ್ತಾ? ಟೈಲರ್‌ಗಳು. ತಮಾಷೆ ಮಾಡುತ್ತಿಲ್ಲ. ಜಗಳೂರು ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ಒಂಬತ್ತನೇ ಕ್ಲಾಸು. ಹಬ್ಬಕ್ಕೆ ಹೊಲಿಸಿದ ಬ್ಲೌಸ್ ಸರಿ ಕೂರಲಿಲ್ಲ ಅಂತ ವಾಪಸ್ ಕೊಟ್ಟರೆ, ಟೈಲರಮ್ಮ ಟೇಪು ಹಿಡಿದು, "ನನ್ನ ಹೊಲಿಗೆ ಸರಿ ಇದೆ ಕಣಮ್ಮ, ಹುಡುಗಿಯ ಒಂದು ಹೆಗಲು ಮೇಲಿದೆ, ಲಂಗ ಒಂದು ಕಡೆ ಎತ್ತಿ ನಿಲ್ಲುತ್ತದೆ, ಡಾಕ್ಟರಿಗೆ ತೋರಿಸಿ" ಅಂದರಂತೆ. ಎಕ್ಸ್‌ರೇ ತೆಗೆಸಿದಾಗ 52 ಡಿಗ್ರಿ. ಬೆಳವಣಿಗೆ ಮುಗಿಯುತ್ತಾ ಬಂದಿತ್ತು. ಬ್ರೇಸ್‌ಗೆ ಅಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಅದನ್ನು ಹೇಳಿದರೆ ಆ ತಾಯಿ, "ಇನ್ನೂ ಗಟ್ಟಿ ಪ್ಲಾಸ್ಟಿಕ್ ಹಾಕಿ ಮಾಡಿಕೊಡಿ ಅಣ್ಣ, ದುಡ್ಡು ಎಷ್ಟಾದರೂ ಹೊಂದಿಸುತ್ತೇನೆ" ಅಂದರು. ಎರಡು ವರ್ಷ ಮುಂಚೆ ಅದೇ ಹುಡುಗಿ ಶಾಲೆಯ ತಪಾಸಣೆಯಲ್ಲಿ ಸಾಲಿನಲ್ಲಿ ನಿಂತಿದ್ದಳು. ಕಣ್ಣು ನೋಡಿದ್ದರು. ಕಾರ್ಡಿನಲ್ಲಿ ಎಲ್ಲದಕ್ಕೂ ಟಿಕ್ ಬಿದ್ದಿತ್ತು. ತಪಾಸಣೆ ಮಾಡಿದವರನ್ನು ನಾನು ದೂರುವುದಿಲ್ಲ. ಫಾರಂನಲ್ಲಿ ಬೆನ್ನಿಗೆ ಜಾಗವೇ ಇಲ್ಲದಿದ್ದರೆ ಅವರಾದರೂ ಏನು ಮಾಡಬೇಕು?

ಆ ಫಾರಂ ಬಗ್ಗೆಯೇ ನನ್ನ ತಕರಾರು. 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾಯಿತು. ಹುಟ್ಟಿದ ಮಗುವಿನಿಂದ 18 ವರ್ಷದವರೆಗೆ ನೋಡುವ ಯೋಜನೆ. ಆಯುಷ್ ಡಾಕ್ಟರುಗಳು, ನರ್ಸ್, ಫಾರ್ಮಸಿಸ್ಟ್ ಇರುವ ತಂಡ ಗಾಡಿಯಲ್ಲಿ ಶಾಲೆಯಿಂದ ಶಾಲೆಗೆ ಹೋಗುತ್ತದೆ. ನಿಜವಾಗಿ ಒಳ್ಳೆಯ ಯೋಜನೆ. ತಿರುಚಿದ ಪಾದದ ಎಷ್ಟೋ ಮಕ್ಕಳು ಇವರ ಕಣ್ಣಿಗೆ ಬಿದ್ದು ಚಿಕಿತ್ಸೆ ಪಡೆದು ನಡೆದಾಡುತ್ತಿದ್ದಾರೆ. ಆ ಮಕ್ಕಳ ಶೂ, ಬ್ರೇಸ್ ಮಾಡುವುದೂ ನಮ್ಮಂಥವರೇ. ಆ ಯೋಜನೆಯ ಪಟ್ಟಿಯಲ್ಲಿ 30 ತೊಂದರೆಗಳಿದ್ದವು. ಪಾದ ಇದೆ, ಸೊಂಟದ ಕೀಲು ಇದೆ, ರಿಕೆಟ್ಸ್ ಇದೆ, ಹಲ್ಲಿನ ಹುಳುಕೂ ಇದೆ. ಹದಿಹರೆಯದ ಸ್ಕೋಲಿಯೋಸಿಸ್ ಇಲ್ಲ. ರಾಜ್ಯ ಮನಸ್ಸು ಮಾಡಿದರೆ ತನ್ನ ಕಾರ್ಡಿನಲ್ಲಿ ಒಂದು ಸಾಲು ಸೇರಿಸುವುದು ದೊಡ್ಡ ಮಾತಲ್ಲ.

ಹೊತ್ತಿಗೆ ಸರಿಯಾಗಿ ಬಂದರೆ ಏನಾಗುತ್ತದೆ ಅಂತ ಕೇಳಿದರೆ, ಡಾಕ್ಟರುಗಳು ಮೊದಲು ನೋಡುವುದು ಎರಡು ವಿಷಯ. ಸೊಟ್ಟ ಎಷ್ಟು ಡಿಗ್ರಿ? ಇನ್ನೂ ಎಷ್ಟು ಬೆಳವಣಿಗೆ ಬಾಕಿ ಇದೆ? ಎರಡನೆಯದನ್ನು ಸೊಂಟದ ಮೂಳೆಯ ಮೇಲಂಚು ಎಷ್ಟು ಬಲಿತಿದೆ ಅಂತ ಎಕ್ಸ್‌ರೇಯಲ್ಲಿ ನೋಡಿ ಹೇಳುತ್ತಾರೆ. ರಿಸ್ಸರ್ ಗುರುತು ಅನ್ನುತ್ತಾರೆ, ಸೊನ್ನೆಯಿಂದ ಐದರ ತನಕ. ಸೊನ್ನೆ ಅಂದರೆ ಬೆಳವಣಿಗೆ ಇನ್ನೂ ಬೇಕಾದಷ್ಟಿದೆ, ಐದು ಅಂದರೆ ಮುಗಿಯಿತು. 25 ಡಿಗ್ರಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ನಾಲ್ಕಾರು ತಿಂಗಳಿಗೊಮ್ಮೆ ನೋಡುತ್ತಾ ಇರುತ್ತಾರೆ, ಅಷ್ಟೇ. 25ರಿಂದ 40ರ ಆಸುಪಾಸು ಇದ್ದು, ಬೆಳೆಯುವ ವಯಸ್ಸಾಗಿದ್ದರೆ ಬ್ರೇಸ್. 45, 50 ದಾಟಿದರೆ ಆಪರೇಷನ್ ಮಾತು. ಯಾಕೆಂದರೆ 50 ದಾಟಿದ ಸೊಟ್ಟ ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಏರುತ್ತಾ ಹೋಗಬಹುದು.

ಬ್ರೇಸ್ ವಿಷಯ ನನ್ನ ಕಸುಬು, ಸ್ವಲ್ಪ ಬಿಡಿಸಿ ಹೇಳಲು ಬಿಡಿ. ಮಗುವಿಗೆ ತೆಳು ಬನಿಯನ್ ಹಾಕಿಸಿ, ಅದರ ಮೇಲೆ ಪ್ಲಾಸ್ಟರ್ ಬ್ಯಾಂಡೇಜ್ ಸುತ್ತಿ ಅಚ್ಚು ತೆಗೆಯುತ್ತೇವೆ. ಈಗ ದೊಡ್ಡ ಊರುಗಳಲ್ಲಿ ಸ್ಕ್ಯಾನರ್ ಬಂದಿದೆ, ನಮ್ಮಲ್ಲಿ ಇನ್ನೂ ಪ್ಲಾಸ್ಟರ್ ಜಾಸ್ತಿ. ಆ ಅಚ್ಚಿಗೆ ಪ್ಲಾಸ್ಟರ್ ಸುರಿದರೆ ಮಗುವಿನ ಮೈಯ ಮಾದರಿ ಸಿಗುತ್ತದೆ. ಎಲ್ಲಿ ಒತ್ತಬೇಕೋ ಅಲ್ಲಿ ಕೆರೆದು ತಗ್ಗು ಮಾಡುತ್ತೇವೆ, ಎಲ್ಲಿ ಮೈ ಸರಿಯಲು ಜಾಗ ಬೇಕೋ ಅಲ್ಲಿ ಪ್ಲಾಸ್ಟರ್ ಸೇರಿಸುತ್ತೇವೆ. ಈ ಕೆರೆಯುವುದು ಮತ್ತು ಸೇರಿಸುವುದರಲ್ಲೇ ಬ್ರೇಸಿನ ಹಣೆಬರಹ ಇರುವುದು. ಆಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಓವನ್‌ನಲ್ಲಿ ಕಾಯಿಸುತ್ತೇವೆ. ಬಿಳಿ ಹಾಳೆ ಕಾದು ಗಾಜಿನ ಹಾಗೆ ತಿಳಿಯಾದ ಕೂಡಲೇ ಇಬ್ಬರು ಹಿಡಿದು ಮಾದರಿಯ ಮೇಲೆ ಹೊದಿಸಬೇಕು. ತಡ ಮಾಡಿದರೆ ಹಾಳೆ ಕೆಟ್ಟಿತು. ತಣ್ಣಗಾದ ಮೇಲೆ ಕತ್ತರಿಸಿ, ಅಂಚು ನಯ ಮಾಡಿ, ಒಳಗೆ ಪ್ಯಾಡ್ ಅಂಟಿಸಿ, ಪಟ್ಟಿ ಹಾಕುತ್ತೇವೆ. ಹಾಕಿಸಿದ ಮೇಲೆ ಬ್ರೇಸ್ ಒಳಗೇ ಇನ್ನೊಂದು ಎಕ್ಸ್‌ರೇ ತೆಗೆಸಬೇಕು. ಸೊಟ್ಟ ಒಳಗೆ ಎಷ್ಟು ಕಡಿಮೆಯಾಗಿ ಕಾಣುತ್ತದೆ ಅನ್ನುವುದರ ಮೇಲೆ ಬ್ರೇಸ್ ಸರಿಯಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಈ ಎಕ್ಸ್‌ರೇ ತೆಗೆಸದೆ ಬ್ರೇಸ್ ಕೊಟ್ಟು ಕಳಿಸುವವರೂ ಇದ್ದಾರೆ. ಅದು ಸರಿಯಲ್ಲ.

ಬ್ರೇಸ್ ಸೊಟ್ಟ ಬೆನ್ನನ್ನು ನೆಟ್ಟಗೆ ಮಾಡುವುದಿಲ್ಲ. ಇದ್ದದ್ದು ಜಾಸ್ತಿ ಆಗದ ಹಾಗೆ ಬೆಳವಣಿಗೆ ಮುಗಿಯುವ ತನಕ ಹಿಡಿದಿಡುತ್ತದೆ. ಅಪ್ಪ ಅಮ್ಮಂದಿರಿಗೆ ಇದನ್ನು ಹೇಳಿದಾಗ ಮುಖ ಸಪ್ಪೆಯಾಗುತ್ತದೆ. ಆದರೆ 28 ಡಿಗ್ರಿಯಲ್ಲಿ ನಿಂತ ಬೆನ್ನಿಗೂ 55 ಮುಟ್ಟಿದ ಬೆನ್ನಿಗೂ ಎಷ್ಟು ಅಂತರ ಇದೆ ಅಂದರೆ, ಮೊದಲನೆಯವಳು ಮುಂದೆ ತನಗೆ ಸ್ಕೋಲಿಯೋಸಿಸ್ ಇದೆ ಅನ್ನುವುದನ್ನೇ ಮರೆತು ಬದುಕಬಹುದು. ಎರಡನೆಯವಳು ಸರ್ಜನ್ ಎದುರು ಕೂತಿರುತ್ತಾಳೆ.

ಬ್ರೇಸ್ ನಿಜಕ್ಕೂ ಕೆಲಸ ಮಾಡುತ್ತದಾ ಅನ್ನುವ ಬಗ್ಗೆ ತುಂಬಾ ವರ್ಷ ಡಾಕ್ಟರುಗಳಲ್ಲೇ ಒಮ್ಮತ ಇರಲಿಲ್ಲ. 2013ರಲ್ಲಿ ಅಮೆರಿಕ ಮತ್ತು ಕೆನಡಾದ 25 ಆಸ್ಪತ್ರೆಗಳಲ್ಲಿ ಮಾಡಿದ ಅಧ್ಯಯನ ಒಂದು ಉತ್ತರ ಕೊಟ್ಟಿತು. 10ರಿಂದ 15 ವರ್ಷದ, 20ರಿಂದ 40 ಡಿಗ್ರಿ ಸೊಟ್ಟ ಇದ್ದ ಮಕ್ಕಳು. ಬ್ರೇಸ್ ಹಾಕಿದವರಲ್ಲಿ ನೂರಕ್ಕೆ 72 ಮಕ್ಕಳು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ಸುಮ್ನೆ ನೋಡುತ್ತಾ ಇದ್ದವರಲ್ಲಿ 48. ದಿನಕ್ಕೆ ಸುಮಾರು 13 ಗಂಟೆಗಿಂತ ಜಾಸ್ತಿ ಹಾಕಿದವರಲ್ಲಿ ನೂರಕ್ಕೆ 90 ದಾಟಿತು. ಬ್ರೇಸ್ ಒಳಗೆ ಶಾಖ ಅಳೆಯುವ ಸಣ್ಣ ಸಾಧನ ಇಟ್ಟಿದ್ದರು, ಹಾಗಾಗಿ ಗಂಟೆಗಳ ಲೆಕ್ಕದಲ್ಲಿ ಸುಳ್ಳು ನಡೆಯುತ್ತಿರಲಿಲ್ಲ. ಲಾಭ ಇಷ್ಟು ಸ್ಪಷ್ಟವಾಗಿದೆ ಅಂತ ಗೊತ್ತಾದ ಮೇಲೆ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದರು. ಬ್ರೇಸ್ ಇಲ್ಲದೆಯೂ 48 ಮಕ್ಕಳು ಪಾರಾದರಲ್ಲ ಅಂತ ಕೇಳಬಹುದು. ನಿಜ. ಯಾರು ಪಾರಾಗುತ್ತಾರೆ ಅಂತ ಮೊದಲೇ ಖಡಾಖಂಡಿತವಾಗಿ ಹೇಳಲು ಬರುವುದಿಲ್ಲ, ಅದೇ ಕಷ್ಟ.

ದಿನಕ್ಕೆ ಹದಿನೆಂಟು ಗಂಟೆ ಬ್ರೇಸ್ ಹಾಕಬೇಕು ಅಂತ ಚೀಟಿಯಲ್ಲಿ ಬರೆಯುವುದು ಸುಲಭ. ದಾವಣಗೆರೆಯ ಏಪ್ರಿಲ್ ತಿಂಗಳಲ್ಲಿ ಎದೆಯಿಂದ ಸೊಂಟದ ತನಕ ಪ್ಲಾಸ್ಟಿಕ್ ಕಟ್ಟಿಕೊಂಡು ಮಲಗುವವಳು ಆ ಹುಡುಗಿ. ಒಳಗೆ ಹೊಲಿಗೆ ಇಲ್ಲದ ಹತ್ತಿ ಬನಿಯನ್ ಬೇಕು, ದಿನಕ್ಕೆ ಎರಡಾದರೂ ಬದಲಿಸಬೇಕು. ಹೊಟ್ಟೆ ತುಂಬ ಒಂದೇ ಸಲ ಊಟ ಆಗುವುದಿಲ್ಲ, ಸ್ವಲ್ಪ ಸ್ವಲ್ಪ ತಿನ್ನಬೇಕು. ಆಟಕ್ಕೆ, ಸ್ನಾನಕ್ಕೆ ತೆಗೆಯಬಹುದು, ತೆಗೆಯಬೇಕು ಕೂಡ. ಆದರೆ ಶಾಲೆಯಲ್ಲಿ ತೆಗೆದು ಎಲ್ಲಿ ಇಡುವುದು? ಬಾಗಿಲಿರುವ ಒಂದು ಕೋಣೆ ಇಲ್ಲದ ಶಾಲೆಗಳು ಎಷ್ಟಿಲ್ಲ? ಒಂದು ಶಾಲೆಯಲ್ಲಿ ಬ್ರೇಸ್ ಹಾಕಿದ್ದ ಹುಡುಗಿಯನ್ನು, ಯೂನಿಫಾರ್ಮ್ ಟೈಟ್ ಆಗಿದೆ, ಒಳಗೇನು ಹಾಕಿಕೊಂಡಿದ್ದೀಯ ಅಂತ ಎಲ್ಲರ ಮುಂದೆ ಕೇಳಿದರಂತೆ. ಹುಡುಗಿ ಮಾರನೇ ದಿನದಿಂದ ಬ್ರೇಸ್ ಮನೆಯಲ್ಲೇ ಬಿಟ್ಟು ಹೋದಳು. ಮಂಥರೆ ಅಂತ ಕರೆಯುವ ಹುಡುಗರೂ ಇದ್ದಾರೆ. ಇಂಥ ಕಡೆ ನಾನು ಎಷ್ಟು ನಾಜೂಕಾಗಿ ಬ್ರೇಸ್ ಮಾಡಿದರೂ ಪ್ರಯೋಜನ ಇಲ್ಲ. ಒಂದು ಸೈಜ್ ಸಡಿಲ ಯೂನಿಫಾರ್ಮ್ ಹಾಕಲು ಬಿಡಿ, ಕೂರಲು ಒರಗುವ ಜಾಗ ಕೊಡಿ, ಪಿ.ಇ. ಪೀರಿಯಡ್‌ನಿಂದ ಹೊರಗಿಡಬೇಡಿ. ಹೆಡ್ ಮಾಸ್ಟರ್ ಒಂದು ಮಾತು ಹೇಳಿದರೆ ಆಗುವ ಕೆಲಸ ಇವು. ಅಂದ ಹಾಗೆ ಜಗತ್ತಿನ ಅತಿ ವೇಗದ ಓಟಗಾರ ಉಸೇನ್ ಬೋಲ್ಟ್‌ಗೂ ಸ್ಕೋಲಿಯೋಸಿಸ್ ಇದೆ. ಇದನ್ನು ನಾನು ಎಲ್ಲ ಮಕ್ಕಳಿಗೂ ಹೇಳುತ್ತೇನೆ. ಹುಡುಗರು ತಕ್ಷಣ ನಂಬುತ್ತಾರೆ, ಹುಡುಗಿಯರು ಮೊಬೈಲ್‌ನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ.

ಆಪರೇಷನ್ ಬಗ್ಗೆ ಮಾತಾಡುವುದು ಸರ್ಜನ್‌ಗಳ ಕೆಲಸ, ಆದರೂ ಜನರ ಭಯ ನೋಡಿ ಎರಡು ಮಾತು. ಸೊಟ್ಟ ಇರುವ ಭಾಗದ ಮೂಳೆಗಳಿಗೆ ಸ್ಕ್ರೂ ಹಾಕಿ, ರಾಡ್ ಸೇರಿಸಿ, ಆದಷ್ಟು ನೇರ ಮಾಡಿ, ಆ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುವ ಹಾಗೆ ಮಾಡುತ್ತಾರೆ. ಪೋಲಿಯೋದಿಂದ ಬೆನ್ನು ಸೊಟ್ಟಗಾದ ಮಕ್ಕಳಿಗಾಗಿ ಅಮೆರಿಕದ ಪಾಲ್ ಹ್ಯಾರಿಂಗ್ಟನ್ 1950ರ ದಶಕದಲ್ಲಿ ರಾಡ್ ಹಾಕುವ ವಿಧಾನ ಶುರು ಮಾಡಿದರು. ಈಗ ತುಂಬಾ ಸುಧಾರಿಸಿದೆ. ಆಪರೇಷನ್ ನಡೆಯುವಾಗಲೇ ಕೈಕಾಲಿನ ನರಗಳ ಸಂಕೇತವನ್ನು ಮೆಷಿನ್‌ನಲ್ಲಿ ನೋಡುತ್ತಾ ಇರುತ್ತಾರೆ. ನರಕ್ಕೆ ಪೆಟ್ಟಾಗುವುದು ಇಂಥ ಮಕ್ಕಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ, ಕೇಳಿ ತಿಳಿದುಕೊಂಡೇ ಒಪ್ಪಬೇಕು. ಬ್ರಿಟನ್ ರಾಣಿಯಾಗಿದ್ದ ಎರಡನೇ ಎಲಿಜಬೆತ್ ಅವರ ಮೊಮ್ಮಗಳು ಯೂಜಿನಿಗೆ 12ನೇ ವಯಸ್ಸಿನಲ್ಲಿ ಈ ಆಪರೇಷನ್ ಆಗಿತ್ತು. 2018ರಲ್ಲಿ ಮದುವೆಯ ದಿನ ಬೆನ್ನಿನ ಗಾಯದ ಗೆರೆ ಎಲ್ಲರಿಗೂ ಕಾಣುವ ಹಾಗೆ ಗೌನ್ ಹೊಲಿಸಿಕೊಂಡಿದ್ದರು. ನಮ್ಮಲ್ಲಿ ಇದೇ ಗೆರೆ ಮದುವೆಗೆ ಅಡ್ಡ ಅಂತ ಆಪರೇಷನ್ ಬೇಡ ಅನ್ನುವ ಮನೆಗಳಿವೆ. ಸ್ಕೋಲಿಯೋಸಿಸ್ ಇದ್ದ ಮಾತ್ರಕ್ಕೆ ಮದುವೆಗೂ ತೊಂದರೆ ಇಲ್ಲ, ಹೆರಿಗೆಗೂ ಅಡ್ಡಿ ಇಲ್ಲ. ಆಪರೇಷನ್ ಆಗಿದ್ದರೆ ಹೆರಿಗೆ ಹೊತ್ತಿಗೆ ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಿದರಾಯಿತು.

ಉಳುಕು ತೆಗೆಯುವವರು, ಎಣ್ಣೆ ಹಚ್ಚಿ ನೀವುವವರು, ಬಾರ್‌ಗೆ ಜೋತುಬೀಳಲು ಹೇಳುವವರು, ಆನ್‌ಲೈನ್‌ನಲ್ಲಿ ಪೋಶ್ಚರ್ ಬೆಲ್ಟ್ ಮಾರುವವರು, ಇವರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಯಾವುದರಿಂದಲೂ ಸೊಟ್ಟ ಸರಿಹೋಗುವುದಿಲ್ಲ. ದುಡ್ಡು ಹೋದರೆ ಹೋಗಲಿ, ಬೆಳೆಯುವ ವಯಸ್ಸಿನ ಆರು ತಿಂಗಳು ಹೋದರೆ ಮತ್ತೆ ಸಿಗುವುದಿಲ್ಲ. ಯೋಗ, ಈಜು ಮೈಗೆ ಒಳ್ಳೆಯದು, ಖಂಡಿತ ಮಾಡಲಿ. ಸ್ಕೋಲಿಯೋಸಿಸ್‌ಗೆಂದೇ ಇರುವ ವ್ಯಾಯಾಮಗಳಿವೆ, ಜರ್ಮನಿಯ ಶ್ರೋತ್ ವಿಧಾನದ್ದು. ಕಲಿತ ಫಿಸಿಯೋಥೆರಪಿಸ್ಟ್ ಸಿಕ್ಕರೆ ಬ್ರೇಸ್ ಜೊತೆಗೆ ಅದನ್ನೂ ಮಾಡಿಸಬಹುದು. ಬ್ರೇಸ್ ಬದಲಿಗೆ ಅಲ್ಲ.

ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ಬೆನ್ನೂ ಒಂದೇ ಅಲ್ಲ. ಮುಂದಕ್ಕೆ ಬಾಗುವ ಗೂನು ಬೇರೆ. ಮಗುವಿಗೆ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿಯುವುದು, ಬೆನ್ನಿನ ಒಂದೇ ಜಾಗದಲ್ಲಿ ಮೂಳೆ ಎದ್ದು ನಿಲ್ಲುವುದು ಇದ್ದರೆ ಅದು ಬೆನ್ನುಮೂಳೆಯ ಟಿ.ಬಿ. ಇರಬಹುದು. ನಮ್ಮ ದೇಶದಲ್ಲಿ ಅದು ಅಪರೂಪವೇನೂ ಅಲ್ಲ. ಅದಕ್ಕೆ ಟಿ.ಬಿ. ಮಾತ್ರೆ ಬೇಕು, ಬೇಗ ಬೇಕು. ಹುಟ್ಟಿನಿಂದಲೇ ಮೂಳೆಯ ಆಕಾರ ಕೆಟ್ಟು ಬರುವ ಸೊಟ್ಟ ಇದೆ. ಸೆರೆಬ್ರಲ್ ಪಾಲ್ಸಿ, ಸ್ನಾಯು ದುರ್ಬಲವಾಗುವ ಕಾಯಿಲೆ ಇರುವ ಮಕ್ಕಳಲ್ಲಿ ಬರುವ ಸೊಟ್ಟವೂ ಇದೆ. ರಾತ್ರಿ ನಿದ್ದೆ ಕೆಡಿಸುವ ನೋವು, ಕಾಲಿನಲ್ಲಿ ಶಕ್ತಿ ಕುಂದುವುದು, ಮೂತ್ರ ಹಿಡಿತ ತಪ್ಪುವುದು, ಸೊಂಟದ ಹತ್ತಿರ ಕೂದಲಿನ ಗುಚ್ಛ, ಮೈಮೇಲೆ ಕಾಫಿ ಬಣ್ಣದ ದೊಡ್ಡ ಮಚ್ಚೆಗಳು, ಇವು ಕಂಡರೆ ಕಾಯುವ ಮಾತೇ ಇಲ್ಲ. ನೇರ ದೊಡ್ಡ ಆಸ್ಪತ್ರೆಗೆ.

ಅಧಿಕಾರಿಗಳು ಕೇಳಬಹುದಾದ ಒಂದು ಪ್ರಶ್ನೆಗೆ ಮೊದಲೇ ಉತ್ತರ ಹೇಳುತ್ತೇನೆ. ಅಮೆರಿಕದಲ್ಲಿ ಇಂಥ ಸಾಮೂಹಿಕ ತಪಾಸಣೆಗಳನ್ನು ತೂಗಿ ನೋಡುವ ಸರ್ಕಾರಿ ತಜ್ಞರ ಸಮಿತಿ 2004ರಲ್ಲಿ ಸ್ಕೋಲಿಯೋಸಿಸ್ ತಪಾಸಣೆ ಬೇಡ ಅಂದಿತ್ತು. 2018ರಲ್ಲಿ ಆ ಮಾತು ಬಿಟ್ಟು, ಬೇಕು ಬೇಡ ಎರಡನ್ನೂ ಹೇಳಲು ಪುರಾವೆ ಸಾಲದು ಅಂದಿತು. ಅಲ್ಲಿನ ಮೂಳೆ ಡಾಕ್ಟರುಗಳ ಮತ್ತು ಮಕ್ಕಳ ಡಾಕ್ಟರುಗಳ ಸಂಘಗಳು ಮಾತ್ರ ತಪಾಸಣೆ ಇರಲಿ ಅನ್ನುತ್ತವೆ: ಹುಡುಗಿಯರಿಗೆ 10 ಮತ್ತು 12ನೇ ವಯಸ್ಸಿನಲ್ಲಿ, ಹುಡುಗರಿಗೆ 13 ಅಥವಾ 14ರಲ್ಲಿ ಒಮ್ಮೆ. ಜಪಾನ್‌ನಲ್ಲಿ 1970ರ ದಶಕದ ಕೊನೆಯಿಂದ ಶಾಲೆಗಳಲ್ಲಿ ಇದು ಕಾನೂನಿನ ಪ್ರಕಾರವೇ ನಡೆಯುತ್ತಿದೆ. ಹಾಂಗ್‌ಕಾಂಗ್‌ನಲ್ಲಿ 1995ರಿಂದ ಇದೆ. ವಿರೋಧ ಮಾಡುವವರ ಭಯವೂ ಸುಳ್ಳಲ್ಲ. ಏನೂ ಇಲ್ಲದ ಮಕ್ಕಳನ್ನೆಲ್ಲ ಎಕ್ಸ್‌ರೇಗೆ ಕಳಿಸಿ ಗಾಬರಿ ಮಾಡಬಾರದು. ಅದಕ್ಕೆ ದಾರಿ ಇದೆ. ಸ್ಕೋಲಿಯೋಮೀಟರ್ ಅನ್ನುವ ಅಂಗೈ ಅಗಲದ ಸಾಧನ ಇದೆ, ಗಾರೆ ಕೆಲಸದವರ ರಸಮಟ್ಟದಲ್ಲಿ ಗುಳ್ಳೆ ಓಡುವಂತೆ ಇದರಲ್ಲಿ ಗುಂಡು ಉರುಳುತ್ತದೆ. ಬಗ್ಗಿದ ಬೆನ್ನ ಮೇಲೆ ಇಟ್ಟರೆ ಓರೆ ಎಷ್ಟು ಅಂತ ತೋರಿಸುತ್ತದೆ. 7 ಡಿಗ್ರಿ ಅಥವಾ ಜಾಸ್ತಿ ಇದ್ದರೆ ಮಾತ್ರ ಮುಂದಕ್ಕೆ ಕಳಿಸಿ. ಅಮೆರಿಕದ ಮಗುವಿಗೆ ವರ್ಷಕ್ಕೊಮ್ಮೆ ಬಟ್ಟೆ ತೆಗೆಸಿ ನೋಡುವ ಮಕ್ಕಳ ಡಾಕ್ಟರ್ ಇರುತ್ತಾರೆ. ಹರಪನಹಳ್ಳಿಯ ಹಳ್ಳಿಯೊಂದರ ಮಗುವಿಗೆ ಶಾಲೆಯ ತಪಾಸಣೆ ಬಿಟ್ಟರೆ ಇನ್ಯಾರಿದ್ದಾರೆ?

ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ ನಾನು ವಸತಿ ಶಾಲೆಗಳ ಹೆಸರು ಹೇಳುತ್ತೇನೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ, ಕಸ್ತೂರಬಾ ಶಾಲೆಗಳಿಗೆ ಮಕ್ಕಳು ಸೇರುವುದೇ ಆರನೇ ಕ್ಲಾಸಿಗೆ. ವಯಸ್ಸು ಸರಿಯಾಗಿದೆ, ಮಕ್ಕಳು ಒಂದೇ ಕಡೆ ಸಿಗುತ್ತಾರೆ, ಅಮ್ಮಂದಿರು ದೂರ ಇರುತ್ತಾರೆ. ಸೇರುವಾಗ ಒಮ್ಮೆ, ಎಂಟನೇ ಕ್ಲಾಸಿನಲ್ಲಿ ಇನ್ನೊಮ್ಮೆ ನೋಡಿದರೆ ದೊಡ್ಡ ಕೆಲಸ ಆದ ಹಾಗೆ. ಶುಚಿ ಯೋಜನೆಯ ಪ್ಯಾಡ್ ಕೊಡುವಾಗ ಹುಡುಗಿಯರ ಜೊತೆ ಹೇಗೂ ನರ್ಸ್ ಮಾತಾಡುತ್ತಾರೆ. ಅದೇ ಹೊತ್ತಿಗೆ ಬೆನ್ನಿನ ಬಗ್ಗೆ ಎರಡು ಮಾತು ಸೇರಿಸಿದರೆ ಹುಡುಗಿಯರೇ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ.

ನೋಡುವ ರೀತಿ ಬಗ್ಗೆ ಒಂದು ಷರತ್ತು. ಹುಡುಗಿಯರನ್ನು ಮಹಿಳಾ ಡಾಕ್ಟರ್ ಅಥವಾ ನರ್ಸ್ ಮಾತ್ರ ನೋಡಬೇಕು. ಬಾಗಿಲು ಹಾಕಿದ ಕೋಣೆ, ಒಬ್ಬೊಬ್ಬರಾಗಿ, ಜೊತೆಗೆ ಒಬ್ಬ ಟೀಚರ್. ತೆಳು ಬನಿಯನ್ ಇದ್ದರೂ ಸಾಕು, ಉಬ್ಬು ಕಾಣುತ್ತದೆ. ಮೊಬೈಲ್‌ನಲ್ಲಿ ಫೋಟೋ ತೆಗೆಯುವುದು ಬೇಡವೇ ಬೇಡ. ಕಂಡದ್ದನ್ನು ಕ್ಲಾಸಿನಲ್ಲಿ ಓದಿ ಹೇಳಬಾರದು, ಮನೆಯವರನ್ನು ಕರೆಸಿ ಹೇಳಬೇಕು.

ಅಪ್ಪ ಅಮ್ಮಂದಿರೇ, ಇಲಾಖೆ ಮಾಡುವ ತನಕ ನೀವು ಕಾಯಬೇಕಾಗಿಲ್ಲ. ಮಗಳನ್ನು ಬರಿಗಾಲಲ್ಲಿ ನಿಲ್ಲಿಸಿ. ಎರಡು ಪಾದ ಜೋಡಿಸಿ, ಮಂಡಿ ನೇರ ಇಟ್ಟು, ಎರಡೂ ಅಂಗೈ ಸೇರಿಸಿ ನಿಧಾನಕ್ಕೆ ಮುಂದೆ ಬಗ್ಗಲು ಹೇಳಿ. ನೀವು ಹಿಂದೆ ಕೂತು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಒಂದು ಕಡೆ ಎತ್ತರ ಕಂಡರೆ ಮೂಳೆ ಡಾಕ್ಟರಿಗೆ ತೋರಿಸಿ. ಎಕ್ಸ್‌ರೇ ತೆಗೆಸುವಾಗ ಮಗು ನಿಂತಿರಬೇಕು, ಬೆನ್ನುಮೂಳೆ ಪೂರ್ತಿ ಬರಬೇಕು. ಮಲಗಿಸಿ ತೆಗೆದರೆ ಸೊಟ್ಟ ಕಡಿಮೆ ಕಾಣುತ್ತದೆ, ಎಷ್ಟೋ ಸಣ್ಣ ಊರುಗಳಲ್ಲಿ ಈ ತಪ್ಪು ಆಗುತ್ತಲೇ ಇರುತ್ತದೆ. ಕಿರಣ ಹಿಂದಿನಿಂದ ಬರುವ ಹಾಗೆ ತೆಗೆಯಲು ಹೇಳಿ, ಎದೆಗೆ ಬೀಳುವ ಪ್ರಮಾಣ ಕಡಿಮೆ ಆಗುತ್ತದೆ.

ತಪಾಸಣೆ ಆದ ಮೇಲೆ ಮುಂದೇನು ಅನ್ನುವುದನ್ನು ಗಟ್ಟಿ ಮಾಡದೆ ಶುರು ಮಾಡಬೇಡಿ ಅಂತಲೂ ಕೇಳಿಕೊಳ್ಳುತ್ತೇನೆ. ಸುಮ್ನೆ ಪತ್ತೆ ಮಾಡಿ ಚೀಟಿ ಕೊಟ್ಟು ಕಳಿಸಿದರೆ ಮನೆಯವರಿಗೆ ಚಿಂತೆ ಮಾತ್ರ ಸಿಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳಿಗೆ ಒಂದು ದಿನ ಬೆನ್ನಿಗಾಗಿ ಗೊತ್ತು ಮಾಡಿ. ಕಷ್ಟದ ಕೇಸುಗಳನ್ನು ಬೆಂಗಳೂರಿನ ಸಂಜಯ್ ಗಾಂಧಿ ಸಂಸ್ಥೆಯಂಥ ಸರ್ಕಾರಿ ಮೂಳೆ ಆಸ್ಪತ್ರೆಗೆ ಕಳಿಸುವ ದಾರಿ ಮೊದಲೇ ಬರೆದಿಡಿ. ಬ್ರೇಸಿನ ಖರ್ಚನ್ನು ಸರ್ಕಾರ ನೋಡಿಕೊಳ್ಳಲಿ. ಒಂದೇ ಬ್ರೇಸ್ ಸಾಲುವುದಿಲ್ಲ, ಮಗು ಬೆಳೆದ ಹಾಗೆ ಹೊಸದು ಬೇಕು ಅನ್ನುವುದನ್ನು ಲೆಕ್ಕಕ್ಕೆ ಹಿಡಿಯಿರಿ. ಕೂಲಿ ಮಾಡುವ ಮನೆಯವರು ಮೊದಲ ಬ್ರೇಸ್‌ಗೆ ಹೇಗೋ ಹೊಂದಿಸುತ್ತಾರೆ. ಎರಡನೆಯದಕ್ಕೆ ಬರುವುದೇ ಇಲ್ಲ. ಕಿರಿದಾದ ಬ್ರೇಸ್ ಚರ್ಮಕ್ಕೆ ಒತ್ತುತ್ತದೆ, ಮಗು ತೆಗೆದಿಡುತ್ತದೆ, ಅಲ್ಲಿಗೆ ಎಲ್ಲ ಮುಗಿಯಿತು. ಇದರ ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ. ಆಪರೇಷನ್ ಅಂದರೆ ಲಕ್ಷಗಳಲ್ಲಿ. ಕೆಲಸ ಗೊತ್ತಿರುವ ಜನ ಬೇಕು ಅಂದರೆ, ಬೆಂಗಳೂರಿನ ಮೊಬಿಲಿಟಿ ಇಂಡಿಯಾದಲ್ಲಿ ಆರ್ಥೋಟಿಕ್ಸ್ ಕೋರ್ಸ್ ಇದೆ, ಅಲ್ಲಿ ಕಲಿತು ಬಂದವರನ್ನು ಜಿಲ್ಲೆಗಳಿಗೆ ತೆಗೆದುಕೊಳ್ಳಬಹುದು.

ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ನಮ್ಮ ಜಿಲ್ಲೆಯ ತಪಾಸಣಾ ತಂಡಗಳಿಗೆ ಬಗ್ಗಿಸಿ ನೋಡುವುದನ್ನು ಕಲಿಸಬೇಕಿದ್ದರೆ ನಾನು ಬರುತ್ತೇನೆ, ಜೊತೆಗೆ ನನಗೆ ಗೊತ್ತಿರುವ ಒಬ್ಬ ಫಿಸಿಯೋಥೆರಪಿಸ್ಟ್ ಕೂಡ ಬರುತ್ತಾರೆ. ಸ್ಕೋಲಿಯೋಮೀಟರ್ ನಮ್ಮ ಹತ್ತಿರ ಇದೆ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಟ್ಟರೆ ಸಾಕು. ದಿನ ಗೊತ್ತು ಮಾಡಿ ತಿಳಿಸಿ.

ಇಂತಿ,
ದಾವಣಗೆರೆಯ ಒಬ್ಬ ಆರ್ಥೋಟಿಸ್ಟ್